ನಾನು ಹಾಲು ಬಿಟ್ಟಾಯ್ತು, ಮಗುವಿನ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ತೊಂದರೆ) ಹೋಗಿಲ್ಲ. ಶೇಂಗಾನೂ ಬಿಡಬೇಕಾ?

ನಮ್ಮದು ರಾಯಚೂರು. ಮಗನಿಗೆ 5 ತಿಂಗಳು, ಬರೀ ಎದೆಹಾಲು. ಕೆನ್ನೆ, ಮೊಣಕೈ ಎಲ್ಲ ಕೆಂಪಗೆ ಒಡೆದಿವೆ. ಮಲದಲ್ಲಿ ಎರಡು ಸಲ ರಕ್ತದ ಎಳೆ ಕಂಡಿತು. ಹಸುವಿನ ಹಾಲಿನ ಪ್ರೋಟೀನ್ ಎದೆಹಾಲಿನಲ್ಲಿ ಹೋಗುತ್ತಿರಬಹುದು, 4 ವಾರ ನೀವು ಹಾಲು ಬಿಟ್ಟು ನೋಡಿ ಎಂದರು ಡಾಕ್ಟರು.

ಬಿಟ್ಟೆ. ಮೊಸರು, ಮಜ್ಜಿಗೆ ಇಲ್ಲ, ಕರಿ ಚಹಾ. ತುಪ್ಪ ಬಿಟ್ಟಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳ, ಬಾಣಂತಿ ತುಪ್ಪ ಬಿಡೋದುಂಟಾ ಅಂತ! ಬಿಸ್ಕತ್ತಿನಲ್ಲೂ ಹಾಲಿನ ಪುಡಿ ಇರುತ್ತದೆ ಎಂದು ಎರಡನೇ ವಾರ ಗೊತ್ತಾಯಿತು. ಲೆಕ್ಕ ಮತ್ತೆ ಒಂದರಿಂದ ಶುರು. ಸ್ನಾನಕ್ಕೆ ಕಡಲೆಹಿಟ್ಟು ನಿಲ್ಲಿಸಿದೆ, ಮೈ ಒರೆಸಿದ ತಕ್ಷಣ ಮಾಯಿಶ್ಚರೈಸರ್ ಹಚ್ಚುತ್ತೇನೆ. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದರೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಬರುತ್ತದೆ.

ಈಗ ಸರಿಯಾಗಿ 4 ವಾರ. ರಕ್ತ ನಿಂತಿದೆ. ಚರ್ಮ ಮಾತ್ರ ಹಾಗೇ ಇದೆ. ನಮ್ಮ ಬಿಸಿಲಿನ ಬೆವರಿಗೂ ಹೀಗಾಗುತ್ತದೋ ಏನೋ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ. ಅಕ್ಕ ಶೇಂಗಾ, ಮೊಟ್ಟೆನೂ ಬಿಡು ಎನ್ನುತ್ತಾಳೆ. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಹೇಗೆ ಇಳಿಯುತ್ತದೆ? ಆಗಲೇ ಜಾಸ್ತಿ ಸೊರಗಿದ್ದೇನೆ. ಡಾಕ್ಟರ್ ಭೇಟಿಗೆ ಇನ್ನೂ 10 ದಿನ ಇದೆ.

ಮಲ ಸರಿಹೋಗಿ ಚರ್ಮ ಸರಿಹೋಗದಿದ್ದಾಗ ನಿಮ್ಮ ಡಾಕ್ಟರು ಏನು ಹೇಳಿದರು? ಶೇಂಗಾ, ಮೊಟ್ಟೆನೂ ಬಿಡಿಸಿದರಾ, ಇಲ್ಲ ಮೊದಲು ಹಾಲು ಮತ್ತೆ ಕುಡಿದು ನೋಡಲು ಹೇಳಿದರಾ?