ಮಳೆಗಾಲದಲ್ಲಿ ಬಂದ ಹಳದಿ ರೆಕಾರ್ಡ್: ಕವರ್ ಬಿಚ್ಚಲಾ, ಬೇಡವಾ?

ಆಲ್ದೂರು ಅರೇಬಿಕಾ:
ನಾಲ್ಕು ತಿಂಗಳು ಕಾದ ಮೇಲೆ ಮೊನ್ನೆ ರೆಕಾರ್ಡ್ ಕೈಗೆ ಬಂತು. 180 ಗ್ರಾಂ ವಿನೈಲ್, ನಿಂಬೆ ಹಳದಿ ಅಂತ ಸ್ಟಿಕ್ಕರ್ ಇದೆ. ಹಿಂಬದಿಯಲ್ಲಿ ನಂಬರ್: 500ರಲ್ಲಿ 212. ತಂಡ ಹೊಸದು, ಹಾಡುಗಳೆಲ್ಲ ಎಳೆಬಿಸಿಲಿನ ಹಾಗೆ. ಸ್ಕಾಟ್ಲೆಂಡಿನ ಗಾಯಕ ಡೊನೊವನ್ 1966ರಲ್ಲಿ ಗಿಟಾರ್ ಜೊತೆ ಸಿತಾರ್ ಸೇರಿಸಿದರಲ್ಲ, ಅದೇ ದಾರಿ. ಇಲ್ಲಿ ಹದಿನೈದು ದಿನದಿಂದ ಬಿಸಿಲೇ ಇಲ್ಲ. ಅದಕ್ಕೇ ಕೇಳುವ ಆಸೆ ಜಾಸ್ತಿ.

ಆದರೆ ಆಷಾಢ ಬಂತೆಂದರೆ ನಮ್ಮ ಮನೆಯಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಅಜ್ಜನ ಗ್ರಾಮಫೋನ್ ಪ್ಲೇಟುಗಳ ಕವರ್ ಹಾಗೇ ಹೋಯಿತು. ಮಳೆ ಮುಗಿಯುವ ತನಕ ಪ್ಲಾಸ್ಟಿಕ್ ಬಿಚ್ಚದೆ ಇಡಲಾ? ಒಲೆ ಮೇಲಿನ ಅಟ್ಟದಲ್ಲಿಡು, ಬೆಚ್ಚಗಿರುತ್ತದೆ ಅನ್ನುತ್ತಾರೆ ಅಮ್ಮ. ಬಣ್ಣದ ರೆಕಾರ್ಡಿನ ಸದ್ದು ಕಪ್ಪಿನಷ್ಟು ಚೆನ್ನಾಗಿರುವುದಿಲ್ಲ ಅನ್ನುವುದು ನಿಜವಾ?

ಬೇಲೂರು ರಸ್ತೆ:
ಅಟ್ಟಕ್ಕೆ ಮಾತ್ರ ಬೇಡ ಅಕ್ಕಾ. ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಬಿಸಿ ತಾಗಿದರೆ ಮೆತ್ತಗಾಗಿ ಬಾಗುತ್ತದೆ.

ಬಿಚ್ಚಿಬಿಡಿ. ಹೊರಗಿನ ತೆಳು ಪ್ಲಾಸ್ಟಿಕ್ ಬಿಗಿಯಾಗಿ ಎಳೆದುಕೊಂಡು ರೆಕಾರ್ಡ್ ಡೊಂಕಾಗಿದ್ದನ್ನು ನನ್ನ ಬೀರುವಿನಲ್ಲೇ ಕಂಡಿದ್ದೇನೆ. ಬೂಷ್ಟಿಗೆ ಬೇಕಾದ್ದು ಕಾಗದ, ಧೂಳು, ಬೆರಳಿನ ಜಿಡ್ಡು. ಒಳಗಿನ ಪೇಪರ್ ಕವರ್ ತೆಗೆದು ಪಾಲಿಥೀನಿನದು ಹಾಕಿ. ಮೆತ್ತನೆಯ ಪಿವಿಸಿ ಕವರ್ ಬೇಡವೇ ಬೇಡ. ತಿಂಗಳುಗಟ್ಟಲೆ ತಾಗಿಕೊಂಡಿದ್ದರೆ ರೆಕಾರ್ಡ್ ಮಬ್ಬಾಗುತ್ತದೆ, ಆ ಮಬ್ಬು ಒರೆಸಿದರೆ ಹೋಗುವುದಿಲ್ಲ. ಮಲಗಿಸಬೇಡಿ, ನಿಲ್ಲಿಸಿಡಿ. ಮಳೆ ಹೊಡೆಯುವ ಗೋಡೆಯಿಂದ ದೂರ ಇರಲಿ.

ಹಾಸನದ ಸೂಜಿ:
ಬಣ್ಣದ ಚಿಂತೆ ಬಿಡಿ. ವಿನೈಲಿಗೆ ತನ್ನದೇ ಕಪ್ಪು ಇಲ್ಲ, ಕಾರ್ಬನ್ ಪುಡಿ ಬೆರೆಸಿ ಕಪ್ಪು ಮಾಡುತ್ತಾರೆ. ಚಿತ್ರ ಹಾಕಿದ ಪಿಕ್ಚರ್ ಡಿಸ್ಕುಗಳಲ್ಲಿ ಚರಚರ ಸದ್ದು ಜಾಸ್ತಿ, ಅದು ಬೇರೆ ವಿಷಯ.

ನನಗೆ ಹೆದರಿಕೆ ಆಗಿದ್ದು ಅಜ್ಜನ ಪ್ಲೇಟುಗಳ ಬಗ್ಗೆ. ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ವಿನೈಲ್ ಒರೆಸಬಹುದು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಹಳೇ ಗ್ರಾಮಫೋನ್ ಪ್ಲೇಟಿಗೆ ಮಾತ್ರ ಅದನ್ನು ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ. ನಮ್ಮ ತಂದೆಯ ಪ್ಲೇಟೊಂದನ್ನು ನಾನೇ ಹಾಗೆ ಹಾಳು ಮಾಡಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಲ್ದೂರು ಅರೇಬಿಕಾ:
ಒಳ್ಳೇ ಹೊತ್ತಿಗೆ ಹೇಳಿದಿರಿ ಸರ್, ಭಾನುವಾರ ಅವನ್ನೂ ಒರೆಸಬೇಕು ಅಂತಿದ್ದೆ.

ನಿನ್ನೆ ರಾತ್ರಿ ಬಿಚ್ಚಿದೆ. ಬ್ಲೇಡಿನಲ್ಲಿ ಒಂದು ಬದಿ ಮಾತ್ರ ಸೀಳಿದೆ. ದೀಪಕ್ಕೆ ಹಿಡಿದರೆ ಆಚೆ ಬದಿಯ ನನ್ನ ಬೆರಳು ಕಾಣುತ್ತದೆ, ಜೇನುತುಪ್ಪದಲ್ಲಿ ಅದ್ದಿದ ಹಾಗೆ. ಮೂರನೇ ಹಾಡಿನ ನಡುವೆ ಕರೆಂಟ್ ಹೋಯಿತು. ರೆಕಾರ್ಡ್ ನಿಧಾನವಾಗುತ್ತಾ ಸಿತಾರಿನ ಸ್ವರ ಜಾರಿ ಜಾರಿ ಕೆಳಗಿಳಿಯಿತು. ಆಮೇಲೆ ಹೆಂಚಿನ ಮೇಲೆ ಮಳೆ ಸದ್ದು ಮಾತ್ರ.

"ಕರೆಂಟ್ ಬರಲಿ, ಮೊದಲಿಂದ ಹಾಕು" ಅಂದರು ಅಮ್ಮ.