‘ಗ್ಯಾಂಬಿಟ್’ಗೆ ಕನ್ನಡದಲ್ಲಿ ಏನಂತೀರಿ? ಅದೂ ನಿಲ್ಲದ ಗ್ಯಾಂಬಿಟ್‌ಗೆ?

ಎಲ್ರಿಗೂ ನಮಸ್ಕಾರ. ಒಂದು ಪದದ ವಿಷ್ಯ ಕೇಳ್ಬೇಕಿತ್ತು, ಒಂದು ಅಂದ್ರೂ ಬಿಚ್ತಾ ಹೋದ್ರೆ ಮೂರ್ನಾಲ್ಕಾಗತ್ತೆ, ಉದ್ದ ಆಯ್ತು ಅಂತ ಬೈಕೋಬೇಡಿ. ಆನ್‌ಲೈನಲ್ಲಿ ಬ್ಲಿಟ್ಜ್ ಚೆಸ್ (ಇಡೀ ಆಟಕ್ಕೆ ಒಬ್ಬೊಬ್ಬರಿಗೂ ಮೂರೇ ನಿಮಿಷ) ಆಡೋ ಚಟ ನಂದು, ಅದರಲ್ಲೂ ನಾನಾಡೋದು ಇಂಜಿನ್ (ನಡೆ ಅಳೆಯೋ ಚೆಸ್ ಪ್ರೋಗ್ರಾಂ) ನೋಡಿದ್ರೆ ಮುಖ ಸಿಂಡರಿಸೋ ಅಂಥ ಓಪನಿಂಗ್‌ಗಳು, ಅಂದ್ರೆ ಆಟದ ಶುರುವಿನ ನಡೆಗಳು, ಸ್ಟಾಫರ್ಡ್, ಎಂಗ್ಲುಂಡ್, ಲಾಟ್ವಿಯನ್, ಹ್ಯಾಲೋವೀನ್ ಈ ಜಾತಿಯ ಗ್ಯಾಂಬಿಟ್‌ಗಳು. ಇವುಗಳ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಕೂತೋನು ಮೊದಲ್ನೇ ಸಾಲಲ್ಲೇ ಸಿಕ್ಕಾಕೊಂಡೆ. ಗ್ಯಾಂಬಿಟ್ ಅನ್ನೋದಕ್ಕೆ ಏನು ಬರೀಲಿ?

ಆಟ ಆಡದೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಆಟದ ಶುರುವಲ್ಲೇ ಬೇಕಂತಲೇ ಒಂದು ಕಾಲಾಳನ್ನ, ಕೆಲವು ಸಲ ಕುದುರೆನೇ, ಎದುರಾಳಿ ಬಾಯಿಗೆ ಕೊಡೋದು, ಅವನು ಅದನ್ನ ತಿಂತಾ ಕೂತಿರೋ ಹೊತ್ತಲ್ಲಿ ನಾವು ಕಾಯಿಗಳನ್ನೆಲ್ಲಾ ಬೇಗ ಬೇಗ ಹೊರಗೆ ತಂದು ಅವನ ರಾಜನ ಮೇಲೆ ಬೀಳೋದು. ಇಷ್ಟೇ ಗ್ಯಾಂಬಿಟ್.

ಮೊದ್ಲು ಹೊಳೆಯೋದು ‘ಬಲಿ’, ‘ತ್ಯಾಗ’. ತ್ಯಾಗ ನಂಗೆ ಒಗ್ಗಲ್ಲ, ತ್ಯಾಗ ಮಾಡಿದೋನು ವಾಪಸ್ ಏನೂ ಕೇಳ್ಬಾರ್ದು ಅನ್ನೋ ವಾಸನೆ ಅದಕ್ಕಿದೆ, ನಾವು ಕೊಡ್ತಿರೋದೇ ಬಡ್ಡಿ ಸಮೇತ ವಸೂಲಿ ಮಾಡೋಕೆ. ಬಲಿ ಪರವಾಗಿಲ್ಲ, ಬಲಿ ಕೊಡೋನು ಏನಾದ್ರೂ ಸಿಗತ್ತೆ ಅಂತಾನೇ ಕೊಡೋದು. ಆದ್ರೆ ಕಿಂಗ್ಸ್ ಗ್ಯಾಂಬಿಟ್‌ಗೆ ಬಂದಾಗ ಎಡವಟ್ಟಾಗತ್ತೆ ನೋಡಿ. ‘ರಾಜಬಲಿ’ ಅಂತ ಬರೆದ್ರೆ ರಾಜನನ್ನೇ ಕೊಟ್ಟ ಹಾಗೆ ಕೇಳತ್ತೆ, ರಾಜ ಹೋದ್ಮೇಲೆ ಇನ್ನೆಲ್ಲಿ ಆಟ! ಅಲ್ಲಿ ಕೊಡೋದು ರಾಜನ ಒಂಟೆ ಮುಂದಿರೋ ಕಾಲಾಳು ಅಷ್ಟೇ (ಇ4, ಇ5, ಆಮೇಲೆ ಎಫ್4; ಇವೆಲ್ಲಾ ಕಾಯಿ ಹೋಗಿ ನಿಲ್ಲೋ ಮನೆಗಳ ಹೆಸರು). ಕ್ವೀನ್ಸ್ ಗ್ಯಾಂಬಿಟ್ ‘ರಾಣಿಬಲಿ’ ಆಗಿ, ರಾಣಿ ಬದ್ಲು ಮಂತ್ರಿ ಅನ್ನೋರ ಬಾಯಲ್ಲಿ ‘ಮಂತ್ರಿಬಲಿ’ ಆದ್ರೆ ಪೇಪರ್ ಹೆಡ್ಡಿಂಗೇ ಸರಿ. ಅಸಲಿಗೆ ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಬಲಿ ಅನ್ನೋದೇ ಇಲ್ಲ, ಸಿ4ರಲ್ಲಿ ಕೊಟ್ಟ ಕಾಲಾಳನ್ನ ಬಿಳಿ ಕಾಯಿಯೋನು ಬೇಕೆಂದಾಗ ವಾಪಸ್ ತಗೋಬಹುದು, ಹೆಸರು ಮಾತ್ರ ಗ್ಯಾಂಬಿಟ್.

ಇನ್ನು ಪೇಪರ್‌ನೋರು ರಾಜಕೀಯದ ಸುದ್ದಿಯಲ್ಲಿ ಬಳಸೋ ‘ದಾಳ ಉರುಳಿಸಿದರು’ ಇದೆಯಲ್ಲ, ಅದು ಪಗಡೆಯಿಂದ ಬಂದಿದ್ದು, ದಾಳ ಎಷ್ಟು ಬೀಳತ್ತೆ ಅನ್ನೋದು ಉರುಳಿಸಿದೋನ ಕೈಲಿಲ್ಲ. ಚೆಸ್ಸಲ್ಲಿ ದಾಳವೇ ಇಲ್ಲ, ಎಲ್ಲಾ ಕಣ್ಣೆದುರಿಗೇ ಇರತ್ತೆ. ಜೂಜು ಅನ್ನೋರೂ ಇದಾರೆ, ಗ್ಯಾಂಬಿಟ್ ಮತ್ತೆ ಗ್ಯಾಂಬ್ಲಿಂಗ್ ಒಂದೇ ಮರದ ಕೊಂಬೆ ಅಂತ ನಂಬ್ಕೊಂಡು. ಎರಡೂ ಸಂಬಂಧವೇ ಇಲ್ಲದ ಪದಗಳು.

ಗ್ಯಾಂಬಿಟ್ ಹುಟ್ಟಿದ್ದು ಕಾಲಿಂದ. ಇಟಾಲಿಯನ್‌ನಲ್ಲಿ ಗಾಂಬಾ ಅಂದ್ರೆ ಕಾಲು, ಗಾಂಬೆಟ್ಟೊ ಅಂದ್ರೆ ಎದುರಿಗಿರೋನ ಕಾಲಿಗೆ ಕಾಲು ಅಡ್ಡ ಹಾಕಿ ಬೀಳಿಸೋದು. ಸ್ಪೇನಿನ ಪಾದ್ರಿ ರುಯ್ ಲೋಪೆಸ್ 1561ರ ತನ್ನ ಚೆಸ್ ಪುಸ್ತಕದಲ್ಲಿ ಈ ಪದವನ್ನ ಓಪನಿಂಗ್‌ಗೆ ಅಂಟಿಸಿದ, ಅಲ್ಲಿಂದ ಅದು ಊರೂರು ಸುತ್ತಿ ಇಂಗ್ಲಿಷ್‌ಗೆ ಬಂತು. ಇದು ಗೊತ್ತಾದಾಗ ನಂಗೆ ತಲೆಗೆ ಬಂದಿದ್ದು ನಮ್ಮ ‘ಅಡ್ಡಗಾಲು’. ಒಂದು ದಿನ ಪೂರ್ತಿ ಖುಷಿಯಲ್ಲಿದ್ದೆ, ಸಿಕ್ತು ಅಂತ. ಆಮೇಲೆ ಬಳಸಿ ನೋಡಿದ್ರೆ ಅಷ್ಟು ಕೂರಲ್ಲ. ಅಡ್ಡಗಾಲು ಹಾಕೋದು ಅಂದ್ರೆ ಈಗ ಬರೀ ಅಡ್ಡಿ ಮಾಡೋದು, ಹಾಕಿದೋನಿಗೆ ಏನೂ ಖರ್ಚಿಲ್ಲ, ದೂರ ಕೂತು ಒಂದು ಫೈಲ್ ತಡೆದ್ರೂ ಅಡ್ಡಗಾಲೇ. ಗ್ಯಾಂಬಿಟ್‌ನಲ್ಲಿ ಕೈಯಿಂದ ಏನೋ ಹೋಗ್ಬೇಕು.

ಆಮೇಲೆ ಹೊಳೀತು, ನಾವು ಚಿಕ್ಕೋರಿದ್ದಾಗ ಜಗಳದಲ್ಲಿ ಹೇಳ್ತಿದ್ದ ಮಾತು, ‘ಕಾಲು ಕೊಟ್ಟು ಬೀಳಿಸ್ದ’. ಕೊಟ್ಟು, ಬೀಳಿಸ್ದ! ಕೊಡೋದೂ ಅಲ್ಲೇ ಇದೆ ಬೀಳಿಸೋದೂ ಅಲ್ಲೇ ಇದೆ. ಇನ್ನೂ ಮಜಾ ಅಂದ್ರೆ ನಾವು ಕೊಡೋದು ಕಾಲಾಳು, ಕಾಲು ಮತ್ತೆ ಆಳು ಸೇರಿ ಆದದ್ದು, ಅತ್ತ ಇಂಗ್ಲಿಷಿನ ಪಾನ್ ಕೂಡ ಲ್ಯಾಟಿನ್ನಿನ ಪಾದದಿಂದಲೇ ನಡ್ಕೊಂಡು ಬಂದಿದ್ದು. ಕಾಲಾಳು ಕೊಟ್ಟು ಬೀಳಿಸೋದು, ಕಾಲು ಕೊಟ್ಟು ಬೀಳಿಸೋದು, ನಡುವೆ ಇರೋದು ಒಬ್ಬ ಆಳು ಮಾತ್ರ. ಹಾಗಾಗಿ ‘ಕಾಲ್ಕೊಡುಗೆ’ ಅಂತ ಒಂದು ಪದ ಕಟ್ಟಿದೀನಿ. ನಗೋರು ನಕ್ಕುಬಿಡಿ, ಮುಂದೆ ಕೇಳೋದಿದೆ.

ಈಗ ಎರಡನೇ ಗಂಟು, ನಂಗೆ ನಿಜವಾಗಿ ಬೇಕಿರೋದು ಇದು. ಇಂಗ್ಲಿಷಲ್ಲಿ ಅನ್‌ಸೌಂಡ್ ಅಂತಾರೆ, ಎದುರಾಳಿ ಸರಿಯಾಗಿ ಆಡಿದ್ರೆ ನಿಲ್ಲದ ಗ್ಯಾಂಬಿಟ್‌ಗೆ. ಎವಾನ್ಸ್ ಗ್ಯಾಂಬಿಟ್ ಥರದವು ಗಟ್ಟಿ ಇವೆ, ಕೊಟ್ಟಿದ್ದಕ್ಕೆ ಸರಿಸುಮಾರು ಸಿಗೋದು ಸಿಗತ್ತೆ. ಹ್ಯಾಲೋವೀನಲ್ಲಿ ನಾಲ್ಕನೇ ನಡೆಗೇ ಇಡೀ ಕುದುರೆ ಕೊಟ್ಟು ಒಂದೇ ಒಂದು ಕಾಲಾಳು ತಗೋತೀವಿ, ಇದಕ್ಕೆ ಏನನ್ನೋಣ? ‘ಅಪಾಯಕಾರಿ ಗ್ಯಾಂಬಿಟ್’ ಅಂದ್ರೆ ಯಾರಿಗೆ ಅಪಾಯ ಅಂತಲೇ ಗೊತ್ತಾಗಲ್ಲ, ಓದಿದೋರು ಎದುರಾಳಿಗೆ ಅಂದ್ಕೋತಾರೆ. ‘ದೋಷಪೂರ್ಣ’ ಅಂದ್ರೆ ಅಂಗಡಿಗೆ ವಾಪಸ್ ಕೊಡೋ ಮಿಕ್ಸಿ ಥರ.

ಪೊಳ್ಳು, ಜೊಳ್ಳು, ಟೊಳ್ಳು ಮೂರನ್ನೂ ಇಟ್ಟು ನೋಡಿದೆ. ಪೊಳ್ಳು ಅನ್ನೋದು ಮಾತಿಗೆ ಹೆಚ್ಚು ಹೊಂದತ್ತೆ, ಪೊಳ್ಳು ಭರವಸೆ, ಪೊಳ್ಳು ಬೆದರಿಕೆ. ಗ್ಯಾಂಬಿಟ್‌ನ ಬೆದರಿಕೆ ಪೊಳ್ಳಲ್ಲ, ಸ್ವಲ್ಪ ಮೈಮರೆತ್ರೆ ನಿಜವಾಗ್ಲೂ ಸಾಯ್ತೀರಿ. ಜೊಳ್ಳು ತೂರಿದ್ರೆ ತಾನೇ ಹಾರಿಹೋಗತ್ತೆ, ಯಾರೂ ಏನೂ ಮಾಡಬೇಕಿಲ್ಲ. ಟೊಳ್ಳು ಮಾತ್ರ ಹೊರಗಿಂದ ಗಟ್ಟಿಯಾಗೇ ಕಾಣತ್ತೆ, ತಟ್ಟಿ ನೋಡೋವರೆಗೂ ಗೊತ್ತಾಗಲ್ಲ. ಅದೇ ಸರಿ. ಬ್ಲಿಟ್ಜ್‌ನಲ್ಲಿ ತಟ್ಟಿ ನೋಡೋಕೆ ಟೈಮೆಲ್ಲಿದೆ? ಮೂರು ನಿಮಿಷದಲ್ಲಿ ನಲವತ್ತು ನಡೆ ಆಡಬೇಕು ಅಂದ್ರೆ ಒಂದಕ್ಕೆ ನಾಲ್ಕೂವರೆ ಸೆಕೆಂಡು ಸಿಗತ್ತೆ, ನಮಗೆ ಬಾಯಿಪಾಠ ಆಗಿರೋದನ್ನ ಅವನು ಅಷ್ಟರಲ್ಲಿ ತಾನೇ ಕಂಡುಹಿಡೀಬೇಕು.

ಸ್ಟಾಫರ್ಡ್ ನೋಡಿ. ಇ4 ಇ5, ಬಿಳಿ ಕುದುರೆ ಎಫ್3ಗೆ, ಕಪ್ಪು ಕುದುರೆ ಎಫ್6ಗೆ, ಬಿಳಿ ಕುದುರೆ ಇ5ರ ಕಾಲಾಳನ್ನ ತಿಂತು, ಕಪ್ಪು ಇನ್ನೊಂದು ಕುದುರೆನ ಸಿ6ಗೆ ತಂತು, ಕುದುರೆ ಕುದುರೆ ಕಡಿದಾಯ್ತು, ಕಪ್ಪು ಡಿ ಸಾಲಿನ ಕಾಲಾಳಿಂದ ವಾಪಸ್ ಹೊಡೀತು. ಒಂದು ಕಾಲಾಳು ಹೋಯ್ತು, ಹೇಳ್ಕೊಳ್ಳೋಕೆ ಏನೂ ಸಿಕ್ಕಿಲ್ಲ. ಈಗ ಬಿಳಿ ಡಿ3 ಆಡ್ತು, ಕಪ್ಪು ಒಂಟೆ ಸಿ5ಗೆ ಬಂತು, ಎಲ್ಲರಿಗೂ ಸಹಜವಾಗಿ ಬರೋ ನಡೆ ಅಂದ್ರೆ ಒಂಟೆನ ಜಿ5ಗೆ ತಂದು ಕಪ್ಪು ಕುದುರೆನ ಕಟ್ಟಿಹಾಕೋದು. ಅಲ್ಲೇ ಮುಗೀತು. ಕಪ್ಪು ಕುದುರೆ ಕಟ್ಟು ಬಿಡಿಸ್ಕೊಂಡು ಇ4 ತಿನ್ನತ್ತೆ, ಬಿಳಿ ಆಸೆಗೆ ಬಿದ್ದು ರಾಣಿನ ಹೊಡೆದ್ರೆ ಕಪ್ಪು ಒಂಟೆ ಎಫ್2 ತಿಂದು ಚೆಕ್, ರಾಜ ಇ2ಗೆ, ಇನ್ನೊಂದು ಒಂಟೆ ಜಿ4ಗೆ ಬಂದು ಚೆಕ್‌ಮೇಟ್. ಎಂಟು ನಡೆ. ಸ್ಟಾಫರ್ಡನ್ನ ಮನೆಮಾತು ಮಾಡಿದ್ದು ಎರಿಕ್ ರೋಸೆನ್ ಅನ್ನೋ ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್, ರಾಣಿ ಹೋಯ್ತಲ್ಲಾ ಅಂತ ಬೇಕಂತ ಪೆಚ್ಚು ದನಿಯಲ್ಲಿ ಹೇಳ್ತಾ ಮೇಟ್ ಮಾಡೋ ಅವರ ವಿಡಿಯೋ ನೋಡೇ ನಾನೂ ಹಾಳಾಗಿದ್ದು. ಒಂಟೆನ ಜಿ5ಗೆ ತರೋ ಬದ್ಲು ಬಿಳಿ ಸುಮ್ನೆ ಇನ್ನೊಂದು ಒಂಟೆನ ಇ2ರಲ್ಲಿ ಇಟ್ಕೊಂಡು ತಣ್ಣಗೆ ಆಡಿದ್ರೆ ಕಪ್ಪಿಗೆ ಕಾಲಾಳು ಕಡಿಮೆ ಇರೋದೇ ಉಳಿಯೋದು.

ಎಂಗ್ಲುಂಡಲ್ಲೂ ಇದೇ ಕಥೆ, ಬಿಳಿಯ ಡಿ4ಗೆ ಕಪ್ಪು ಹಿಡಿದ ನಾವು ಇ5 ಅಂತ ಮೊದಲ ನಡೆಯಲ್ಲೇ ಕಾಲಾಳು ಕೊಟ್ಟು, ರಾಣಿನ ಇ7ರಿಂದ ಬಿ4, ಅಲ್ಲಿಂದ ಬಿ2 ತನಕ ಓಡಿಸಿ, ಬಿಳಿ ಆರನೇ ನಡೆಗೆ ಒಂಟೆನ ಸಿ3ರಲ್ಲಿ ಇಟ್ಟ ಅಂದ್ರೆ ಎಂಟನೇ ನಡೆಗೆ ಸಿ1ರಲ್ಲಿ ರಾಣಿ ಮೇಟ್, ಇಲ್ಲಾಂದ್ರೆ ಮೂಲೆಯ ಆನೆ ನಮ್ದು. ಅವನು ಒಂಟೆ ಬದ್ಲು ಕುದುರೆನ ಸಿ3ಗೆ ತಂದ್ರೆ ನಮ್ಮ ರಾಣಿಗೇ ಓಡಿ ಓಡಿ ಸಾಕಾಗತ್ತೆ. ಕಾಲು ಕೊಟ್ಟೋನೇ ಕಾಲ್ಕೀಳೋದು ಅಂದ್ರೆ ಇದೇ.

ಇಲ್ಲಿ ‘ಎರೆ’, ‘ಗಾಳ’ ಅನ್ನೋ ಪದಗಳೂ ಬರಬಹುದು ಅಂತ ಒಬ್ಬ ಗೆಳೆಯ ಹೇಳ್ದ. ಗಾಳ ಆಗಲ್ಲ ಅಂದೆ, ಗಾಳ ಕಚ್ಚಿದ ಮೀನು ಸತ್ತ ಹಾಗೇ, ಇಲ್ಲಿ ಬಹುಪಾಲು ಸಲ ತಿಂದೋನೇ ಸರಿ, ತಿಂದಾದ್ಮೇಲೆ ಹೇಗೆ ನಡ್ಕೋತಾನೆ ಅನ್ನೋದ್ರ ಮೇಲೆ ಎಲ್ಲಾ ನಿಂತಿರೋದು. ಹುಳ ತಿಂದು ಕೊಕ್ಕೆ ಉಗಿದು ಈಜಿಕೊಂಡು ಹೋಗೋ ಮೀನಿಗೆ ಪದ ಇದ್ರೆ ಕೊಡಿ, ಅದು ಬೇಕು.

ಟೊಳ್ಳು ಅನ್ನೋದು ಓಪನಿಂಗ್‌ಗಾಯ್ತು. ಆಡೋನಿಗೆ? ಇಂಗ್ಲಿಷ್ ಪದ ಆಡೋನ ಬಗ್ಗೆ ಏನೂ ಹೇಳಲ್ಲ, ನಮ್ಮಲ್ಲಿ ಎರಡು ಪದ ಕಾಯ್ತಾ ನಿಂತಿವೆ, ಹುಂಬ ಮತ್ತೆ ಭಂಡ. ಹುಂಬನಿಗೆ ತಾನಾಡ್ತಿರೋದು ಟೊಳ್ಳು ಅಂತಲೇ ಗೊತ್ತಿಲ್ಲ, ನುಗ್ತಾನೆ ಅಷ್ಟೇ. ಭಂಡನಿಗೆ ಚೆನ್ನಾಗಿ ಗೊತ್ತು, ಎದುರಾಳಿಗೆ ಗೊತ್ತಿಲ್ಲ ಅನ್ನೋದೂ ಗೊತ್ತು, ಗೊತ್ತಿದ್ರೆ ಮರ್ಯಾದೆ ಹೋಗತ್ತೆ ಅನ್ನೋದೂ ಗೊತ್ತು, ಆದ್ರೂ ಆಡ್ತಾನೆ. ಭಂಡ ಧೈರ್ಯ ಅಂತೀವಲ್ಲ, ಬ್ಲಿಟ್ಜ್ ಗ್ಯಾಂಬಿಟ್‌ಗೆ ಇದಕ್ಕಿಂತ ಹತ್ತಿರದ ಮಾತು ನಂಗಂತೂ ಕಂಡಿಲ್ಲ. ‘ಭಂಡ ಗ್ಯಾಂಬಿಟ್’ ಅಂತಲೇ ಬರೆದುಬಿಡೋಣ ಅನ್ಸತ್ತೆ, ಆದ್ರೆ ಭಂಡದಲ್ಲಿ ಬೈಗುಳ ಸ್ವಲ್ಪ ಜಾಸ್ತಿ ಆಯ್ತೇನೋ, ನಿಮ್ಮ ಕಿವಿಗೆ ಹೇಗೆ ಕೇಳತ್ತೆ ಹೇಳಿ. ನಂಗೆ ಅದರಲ್ಲಿ ಒಂಚೂರು ಮೆಚ್ಚುಗೆನೂ ಕೇಳತ್ತೆ.

ಮೂರನೇದು ರೆಫ್ಯುಟೇಶನ್, ಗ್ಯಾಂಬಿಟ್ ಟೊಳ್ಳು ಅಂತ ತೋರಿಸಿಕೊಡೋ ನಡೆಗಳ ಸರಣಿ. ತರ್ಕದೋರ ‘ಖಂಡನೆ’ ಅರ್ಥದಲ್ಲಿ ಪಕ್ಕಾ, ಆದ್ರೆ ಈಗ ಖಂಡನೆ ಅಂದ್ರೆ ಪತ್ರಿಕಾ ಹೇಳಿಕೆ, ‘ಸ್ಟಾಫರ್ಡ್ ಗ್ಯಾಂಬಿಟ್‌ಗೆ ತೀವ್ರ ಖಂಡನೆ’ ಅಂದ್ರೆ ಧರಣಿ ಕೂತ ಹಾಗಿರತ್ತೆ. ಈ ಪದ ಇಲ್ದೆ ಬರಹ ಮುಂದೆ ಹೋಗಲ್ಲ, ಯಾಕಂದ್ರೆ ಅಮೆರಿಕದ ಚೆಸ್ ಆಟಗಾರ ಬಾಬಿ ಫಿಶರ್ ಕಥೆ ಹೇಳ್ಬೇಕು. 1960ರಲ್ಲಿ ಸೋವಿಯತ್ ಆಟಗಾರ ಸ್ಪಾಸ್ಕಿ ಕಿಂಗ್ಸ್ ಗ್ಯಾಂಬಿಟ್ ಆಡಿ ಫಿಶರ್‌ನ ಸೋಲಿಸಿದ, ಆ ಸಿಟ್ಟಿಗೋ ಏನೋ 1961ರಲ್ಲಿ ಫಿಶರ್ ಈ ಗ್ಯಾಂಬಿಟ್ ಮುಗೀತು, ಮೂರನೇ ನಡೆಗೆ ಡಿ6 ಆಡಿದ್ರೆ ಬಿಳಿ ಸೋತ ಹಾಗೇ ಅಂತ ಒಂದು ಲೇಖನವೇ ಬರೆದ, ಆಮೇಲೆ ಕೆಲವೇ ವರ್ಷಕ್ಕೆ ತಾನೇ ಬಿಳಿ ಕಾಯಿ ಹಿಡಿದು ಅದನ್ನೇ ಆಡ್ದ! ಇಂಥ ಕಡೆ ‘ಖಂಡಿಸಿದ’ ಅಂತ ಬರೆದ್ರೆ ಅವನೇನೋ ಬೇಜಾರಲ್ಲಿ ಹೇಳಿಕೆ ಕೊಟ್ಟ ಅನ್ನಿಸತ್ತೆ. ಕುಸ್ತಿಯಲ್ಲಿ ಪಟ್ಟು ಹಾಕ್ತಾರೆ, ಪಟ್ಟು ಬಿಡಿಸ್ಕೋತಾರೆ, ಹಾಗೆ ‘ಬಿಡಿಪಟ್ಟು’ ಅನ್ನಬಹುದಾ? ‘ಗ್ಯಾಂಬಿಟ್ ಮುರಿಯೋದು’ ಅಂತ ಮಾತಲ್ಲಿ ಹೇಳ್ತೀವಿ, ಅದಕ್ಕೆ ನಾಮಪದ ಮಾಡಿದ್ರೆ ‘ಮುರಿತ’, ಅದು ಮೂಳೆಗೆ ಆಗೋದು.

ಆಕ್ಸೆಪ್ಟೆಡ್, ಡಿಕ್ಲೈನ್ಡ್ ಎರಡಕ್ಕೆ ತಲೆ ಕೆಡಿಸ್ಕೊಂಡಿಲ್ಲ, ‘ತಿಂದ’, ‘ಒಲ್ಲೆ ಅಂದ’ ಸಾಕು.

ಹಾಗಾಗಿ ನನ್ನ ಪ್ರಶ್ನೆಗಳು ಇಷ್ಟು. ಹಳೇ ಚದುರಂಗದ ಆಟಗಾರರ ಬಾಯಲ್ಲಿ, ಹಳೇ ಬರಹದಲ್ಲಿ, ಬೇಕಂತ ಕಾಲಾಳು ಕೊಡೋದಕ್ಕೆ ಯಾವ್ದಾದ್ರೂ ಪದ ಕೇಳಿದೀರಾ, ಓದಿದೀರಾ? ಗರಡಿಯಲ್ಲಿ ಕಾಲು ಕೊಟ್ಟು ಬೀಳಿಸೋ ಪಟ್ಟಿಗೆ ಬೇರೆ ಹೆಸರಿದ್ರೆ ಅದನ್ನಂತೂ ದಯವಿಟ್ಟು ಹೇಳಿ, ಎರವಲು ತಗೊಳ್ತೀನಿ. ಮತ್ತೆ ವ್ಯಾಕರಣ ಬಲ್ಲೋರು ಒಂದು ತೀರ್ಮಾನ ಕೊಡಬೇಕು, ಮಳೆ, ಕಾಲ ಸೇರಿ ‘ಮಳೆಗಾಲ’ ಆದ ಹಾದಿ ಹಿಡಿದ್ರೆ ‘ಕಾಲ್ಗೊಡುಗೆ’ ಆಗಬೇಕು, ಕಾಲ್ತುಳಿತ, ಕಾಲ್ಚೀಲ ನೋಡಿದ್ರೆ ‘ಕಾಲ್ಕೊಡುಗೆ’ನೇ ಸರಿ ಅನ್ಸತ್ತೆ, ಯಾವ್ದು ಇಟ್ಕೊಳ್ಳಲಿ?