ಇಂಗ್ಲೆಂಡಿನ ಶಾಲೆಯಲ್ಲಿ ಬ್ರಿಟಿಷ್ ಆಳ್ವಿಕೆಯ ಪಾಠವೇ ಇಲ್ವಾ?

ಬದಿಯಡ್ಕದವ:
ಅಕ್ಕನ ಮಗ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ, ಈಗ ವಯಸ್ಸು ಹದಿನಾಲ್ಕು. ರಜೆಗೆ ಬಂದಾಗ ನಮ್ಮ ಕಾಸರಗೋಡಿನ ಬೇಕಲ ಕೋಟೆಗೆ ಕರೆದುಕೊಂಡು ಹೋಗಿದ್ದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕಡೆಯೆಲ್ಲ ಕಂಪನಿ ಕೈಗೆ ಹೋಯಿತು ಅಂದೆ. "ಯಾವ ಕಂಪನಿ ಮಾವ?" ಅಂತ ಕೇಳಿದ! ಎಂಟನೇ ಹೆನ್ರಿಯ ಆರೂ ಹೆಂಡತಿಯರ ಹೆಸರು ಬಾಯಿಪಾಠ, ಹಿಟ್ಲರ್ ಬಗ್ಗೆ ಕೇಳಿದರೆ ನಿಲ್ಲಿಸುವುದೇ ಇಲ್ಲ. 1943ರ ಬಂಗಾಳದ ಬರಗಾಲ ಮಾತ್ರ ಕೇಳಿಯೇ ಇಲ್ಲ. ಬೇಕಂತಲೇ ಬಿಟ್ಟಿದ್ದಾರಾ?

ಲಂಡನ್ ಕನ್ನಡತಿ:
ಸಿಲಬಸ್‌ನಲ್ಲಿ ಇಲ್ಲವೇ ಇಲ್ಲ ಅಂತಲ್ಲ. 11ರಿಂದ 14 ವರ್ಷದ ಮಕ್ಕಳಿಗೆ 1745ರಿಂದ 1901ರವರೆಗಿನ ಬ್ರಿಟನ್ ಅಂತ ಒಂದು ಭಾಗ ಇದೆ, ಸಾಮ್ರಾಜ್ಯವೂ ಅದರಲ್ಲೇ ಬರುತ್ತದೆ. ಆದರೆ ಭಾರತ ಅಲ್ಲಿ ಬರೀ ಒಂದು ಉದಾಹರಣೆ, ಕಲಿಸುವುದು ಬಿಡುವುದು ಶಾಲೆಗೆ ಬಿಟ್ಟದ್ದು. ಹದಿನಾಲ್ಕರ ನಂತರ ಇತಿಹಾಸವೇ ಕಡ್ಡಾಯವಲ್ಲ.

ಕಲಿಸಿದರೂ ಹೇಗೆ ಅನ್ನುವುದು ನೋಡಿ. ನನ್ನ ಮಗಳಿಗೆ ಗುಲಾಮರ ಪಾಠ ಬಂತು. ವಿಲ್ಬರ್‌ಫೋರ್ಸ್ ಅನ್ನುವ ಸಂಸದ ಹೋರಾಡಿದ, ಗುಲಾಮರ ವ್ಯಾಪಾರ ನಿಂತಿತು, ಪಾಠ ಮುಗಿಯಿತು. 1833ರ ಕಾಯಿದೆಯಲ್ಲಿ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಅವರನ್ನು ಇಟ್ಟುಕೊಂಡಿದ್ದ ಯಜಮಾನರಿಗೆ, ಅದು ಪಾಠದಲ್ಲಿ ಇರಲಿಲ್ಲ. ಅದಕ್ಕೆ ಸರ್ಕಾರ ಮಾಡಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ನನ್ನ ಸಂಬಳದ ಟ್ಯಾಕ್ಸೂ ಅದಕ್ಕೆ ಹೋಗಿದೆ!

ಕುಂಬಳೆ ಮಾಷ್ಟ್ರು:
ಅವರನ್ನು ಬೈಯುವ ಮೊದಲು ನಮ್ಮ ಮಕ್ಕಳನ್ನೇ ಕೇಳಿ ನೋಡಿ, 1837ರಲ್ಲಿ ಇಲ್ಲಿ ಏನಾಯಿತು ಅಂತ. 1834ರಲ್ಲಿ ಕೊಡಗು ಕಂಪನಿಗೆ ಹೋಯಿತು, ಕೊಡಗಿನ ಭಾಗವಾಗಿದ್ದ ಅಮರಸುಳ್ಯವನ್ನು (ಈಗಿನ ಸುಳ್ಯದ ಕಡೆ) ಕೆನರಾ ಅನ್ನುವ ಕರಾವಳಿ ಜಿಲ್ಲೆಗೆ ಸೇರಿಸಿದರು. ಅಲ್ಲಿವರೆಗೆ ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಿ ಅಂದರು. ರೈತರು ಸಿಕ್ಕಿದ ಬೆಲೆಗೆ ಭತ್ತ ಮಾರಬೇಕಾಯಿತು. ಕೊನೆಗೆ ದಂಗೆ ಎದ್ದು ಮಂಗಳೂರನ್ನೇ ಹಿಡಿದರು, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ನಾವು ಓದುವಾಗ ಮಲಬಾರಿನಲ್ಲಿ ಕಂಪನಿ ವಿರುದ್ಧ ಹೋರಾಡಿದ ಪಳಶ್ಶಿರಾಜ ಬಂದ, ಗಡಿಯಾಚೆಯವರಿಗೆ ಕಿತ್ತೂರು ಚೆನ್ನಮ್ಮ. ಈ ಕಥೆ ನಾನು ಕೇಳಿದ್ದು ಅಜ್ಜನ ಬಾಯಲ್ಲಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಥೆ ಯಾರ ಪುಸ್ತಕಕ್ಕೆ ಸೇರಬೇಕು ಹೇಳಿ?

ಬದಿಯಡ್ಕದವ:
ಒಪ್ಪಿದೆ ಮಾಷ್ಟ್ರೇ, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮದು ಎರಡು ರಾಜ್ಯದ ನಡುವೆ ಬಿದ್ದುಹೋಯಿತು, ಅವರದ್ದು ನೆನಪಾದರೆ ಮುಜುಗರ ಅಂತ ಬಿಟ್ಟದ್ದು. ಕನ್ನಡತಿಯವರೇ, ಮುಂದಿನ ವರ್ಷ ಇತಿಹಾಸವನ್ನೇ ತೆಗೆದುಕೊಳ್ಳಲಿ ಅಂತ ಅಕ್ಕನಿಗೆ ಹೇಳಿದೆ. ಕಂಪ್ಯೂಟರ್ ತೆಗೆದುಕೊಳ್ಳುತ್ತಾನಂತೆ.